ಏಳಲೊಲ್ಲದ ಪೆಟ್ಟಿಗೆ

"ಗುರುಗಳೇ, ಇಷ್ಟು ಭಕ್ತಿಯಿಂದ ಸೇವೆ ಮಾಡುತ್ತಿದ್ದರೂ ನನ್ನೊಳಗೆ ಯಾಕೆ ಏನೂ ಬೆಳಗುತ್ತಿಲ್ಲ?" ಎಂದು ನಿರಂಜನ ಕೇಳಿದ.

ಅವನು ಮಠಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ದಿನಾ ಬೆಳಗ್ಗೆ ಗುರುಗಳ ಪಾದ ತೊಳೆಯುವುದು, ಗಂಧ ಹಚ್ಚುವುದು, ಹೂ ಇಡುವುದು, ತಲೆಬಾಗಿ ಹಿಂದೆ ಸರಿಯುವುದು ಅವನ ಕೆಲಸ. ಅದು ಒಂದು ದಿನವೂ ತಪ್ಪಿರಲಿಲ್ಲ. ಈಚೆಗೆ ಗುರುಗಳಿಗೆ ಉಸಿರು ಕಟ್ಟುತ್ತಿತ್ತು. ಅಂಗಳ ದಾಟುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನಿರಂಜನನಿಗೆ ಹೆದರಿಕೆಯಾಗುತ್ತಿತ್ತು. ಇವರು ಹೋಗಿಬಿಟ್ಟರೆ ನನ್ನ ಗತಿಯೇನು, ಕಲಿಯಲು ಬಂದವನು ಕಲಿಯದೆಯೇ ಉಳಿದುಬಿಟ್ಟರೆ ಏನು ಎಂಬ ಚಿಂತೆ ಅವನಿಗೆ ನಿದ್ದೆ ಬರಗೊಡುತ್ತಿರಲಿಲ್ಲ. ಆ ದಿನ ಗಂಧದ ಬಟ್ಟಲನ್ನು ಕೆಳಗಿಟ್ಟು ಕೇಳಿಯೇಬಿಟ್ಟ.

ಗುರುಗಳು ಬಟ್ಟಲನ್ನು ನೋಡಿದರು. ಗಂಧ ಒಣಗಿದರೆ ಒಣಗಲಿ, ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಒಳ್ಳೆಯವನು. ಒಳ್ಳೆಯವನು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಅವನ ಮನೆಯಲ್ಲಿ ಒಂದು ಮಗ್ಗ ಇತ್ತು, ಮಗ್ಗದ ಪಕ್ಕದಲ್ಲಿ ಒಂದು ಕಂಪ್ಯೂಟರ್ ಇತ್ತು. ಈಗ ಸೀರೆಯ ಅಂಚನ್ನು ಮೊದಲು ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಆ ನಕ್ಷೆಯ ಪ್ರಕಾರ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಅಂಚು ತಾನಾಗಿ ಮೂಡುತ್ತದೆ. ನಕ್ಷೆ ಇಲ್ಲದಿದ್ದರೆ ಮಗ್ಗ ಸುಮ್ಮನೆ ನಿಂತಿರುತ್ತದೆ.

ನೇಕಾರನಿಗೆ ಒಬ್ಬಳೇ ಮಗಳು. ಮಾಘದಲ್ಲಿ ಅವಳ ಮದುವೆ ಗೊತ್ತಾಗಿತ್ತು. ಅಪ್ಪನ ಮಗ್ಗದಲ್ಲಿ ನೇಯ್ದ ಸೀರೆಯುಟ್ಟೇ ಮಗಳು ಧಾರೆಗೆ ನಿಲ್ಲುವುದು ಆ ಓಣಿಯ ಪದ್ಧತಿ. ಈ ಹುಡುಗಿ ಇನ್ನೂ ಒಂದು ಕೇಳಿದ್ದಳು. ಅವಳ ತಾಯಿಯ ಧಾರೆ ಸೀರೆಗೆ ತಾಯಿಯ ಅಪ್ಪ ತಾನೇ ಎಣಿಸಿ ನೇಯ್ದ ಅಂಚಿತ್ತು. ಅಂಥ ಅಂಚು ಬೇರೆ ಯಾವ ಮನೆಯಲ್ಲೂ ಇರಲಿಲ್ಲ. ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು, ಆ ಎಳೆಗಳ ಲೆಕ್ಕ ಅವನ ಜೊತೆಗೇ ಹೋಗಿತ್ತು. ನನಗೆ ಬಂಗಾರ ಕಡಿಮೆಯಾದರೂ ಪರವಾಗಿಲ್ಲ, ಅಜ್ಜನ ಅಂಚು ಬೇಕು ಎಂದು ಹುಡುಗಿ ಹೇಳಿದಳು. ಅಪ್ಪ ಆಗಲಿ ಎಂದ.

ತಾಯಿಯ ಸೀರೆ ಜೀರ್ಣವಾಗಿ ಮುಟ್ಟಿದರೆ ಹರಿಯುವಂತಿತ್ತು. ನೇಕಾರ ಅದನ್ನು ಚಾಪೆಯ ಮೇಲೆ ಹರವಿ, ಭೂತಗನ್ನಡಿ ಹಿಡಿದು, ಒಂದೊಂದೇ ಎಳೆ ಎಣಿಸಿ ಅಂಚನ್ನು ಕಂಪ್ಯೂಟರಿಗೆ ಇಳಿಸಿದ. ಶ್ರಾವಣದಲ್ಲಿ ಕೂತವನು ನವರಾತ್ರಿ ಹತ್ತಿರ ಬಂದಾಗ ಎದ್ದ. ಅಂಚೆಲ್ಲ ಒಳಗೆ ಬಂತು ಎಂದು ಹೆಂಡತಿಗೆ ಹೇಳಿದ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಅವಳು ಆ ಚಿಂದಿ ಸೀರೆಯನ್ನು ಪಾತ್ರೆಯವಳಿಗೆ ಕೊಟ್ಟು ಒಂದು ಸ್ಟೀಲಿನ ಡಬರಿ ತೆಗೆದುಕೊಂಡಳು. ಇನ್ನು ಅಜ್ಜನ ಅಂಚು ಲೋಕದಲ್ಲಿ ಇದ್ದದ್ದು ಆ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಮಾತ್ರ.

ಆಯುಧಪೂಜೆ ಬಂತು. ನೇಕಾರ ಮಗ್ಗ ತೊಳೆದ, ಲಾಳಿ ತೊಳೆದ, ಕತ್ತರಿ ತೊಳೆದ, ಎಲ್ಲಕ್ಕೂ ಗಂಧ ಕುಂಕುಮ ಇಟ್ಟ. ಪೆಟ್ಟಿಗೆಯ ಮುಂದೆ ಬಂದು ಅನುಮಾನಿಸಿದ. ಇದಕ್ಕೆ ಹಣೆ ಯಾವುದು? ಮುಂಭಾಗದಲ್ಲಿ ಒಂದು ದುಂಡನೆಯ ಬಟನ್ ಇತ್ತು. ಒತ್ತಿದರೆ ಅದರ ಸುತ್ತ ನೀಲಿ ಬೆಳಕು ಹತ್ತುತ್ತಿತ್ತು. ಬೆಳಕು ಹುಟ್ಟುವ ಜಾಗವೇ ಹಣೆ ಎಂದು ತೀರ್ಮಾನಿಸಿ, ಅಲ್ಲಿಗೇ ಧಾರಾಳವಾಗಿ ಗಂಧ ಹಚ್ಚಿ ಮೇಲೆ ಕುಂಕುಮ ಇಟ್ಟ. ಆಮೇಲೆ ಕೈಮುಗಿದು, ಮಗಳ ಮದುವೆ ಮುಗಿಯುವ ತನಕ ಕೈಬಿಡಬೇಡ ಎಂದು ಬೇಡಿಕೊಂಡ.

ಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ಒಂದು ಬೆಳಗ್ಗೆ ಬಟನ್ ಒತ್ತಿದ. ಒಳಗೆ ಫ್ಯಾನು ಗುರ್ ಎಂದು ತಿರುಗಿತು, ನೀಲಿ ಬೆಳಕು ಹತ್ತಿತು. ಇನ್ನೇನು ಪರದೆ ಬೆಳಗಬೇಕು ಎನ್ನುವಷ್ಟರಲ್ಲಿ ಎಲ್ಲ ಆರಿತು. ಮತ್ತೆ ಒತ್ತಿದ. ಮತ್ತೆ ಹಾಗೆಯೇ ಆಯಿತು.

ಪಾಪ, ಅವನೇನು ಸುಮ್ಮನೆ ಕೂರಲಿಲ್ಲ. ಪ್ಲಗ್ಗು ಕಿತ್ತು ಬೇರೆ ಸಾಕೆಟ್ಟಿಗೆ ಚುಚ್ಚಿದ. ಆ ಸಾಕೆಟ್ಟಿಗೆ ಮಿಕ್ಸರ್ ಹಾಕಿ, ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ನೋಡಿದ. ನೆರೆಮನೆಯಿಂದ ವಯರು ತಂದು ಹಾಕಿದ. ಎಲ್ಲ ಸರಿಯಿತ್ತು, ಪೆಟ್ಟಿಗೆ ಮಾತ್ರ ಏಳಲಿಲ್ಲ. ಕೊನೆಗೆ ಬೇಸರ ಬಂದು ಅದರ ನೆತ್ತಿಯ ಮೇಲೆ ಒಂದು ಪೆಟ್ಟು ಕೊಟ್ಟು ಒತ್ತಿದ. ಎದ್ದು ಕೂತಿತು. ಅವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಯಿತು. ದೇವರನ್ನು ಹೊಡೆದೆನಲ್ಲ ಎಂದು ಆ ಹಣೆಗೆ ಮತ್ತೊಂದು ಬೊಟ್ಟು ಗಂಧ ಹಚ್ಚಿದ.

ಅಲ್ಲಿಂದ ಅದು ದಿನಚರಿಯಾಯಿತು. ಬೆಳಗ್ಗೆ ಸ್ನಾನ, ಗಂಧ, ಕುಂಕುಮ, ಊದುಬತ್ತಿ, ಆಮೇಲೆ ಬಟನ್. ಒಂದೊಂದು ದಿನ ಏಳುತ್ತಿತ್ತು. ಎದ್ದರೆ ಪೂಜೆಯ ಫಲ ಎನ್ನುತ್ತಿದ್ದ. ಏಳದಿದ್ದರೆ ಪೂಜೆಯಲ್ಲಿ ಏನೋ ಕೊರತೆಯಾಗಿದೆ ಎನ್ನುತ್ತಿದ್ದ. ಎರಡು ಬಗೆಯಲ್ಲೂ ಗಂಧ ಹೆಚ್ಚಾಯಿತು. ಮನುಷ್ಯನ ಬುದ್ಧಿ ಹೀಗೆ ಓಡಲು ಶುರುವಾದರೆ ಹಿಡಿದು ನಿಲ್ಲಿಸುವವರು ಯಾರು?

ಎದ್ದ ದಿನ ಅದನ್ನು ಆರಿಸಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ. ಊಟಕ್ಕೆ ಕೂತರೂ ಕಿವಿ ಆ ಫ್ಯಾನಿನ ಸದ್ದಿನ ಮೇಲೇ ಇರುತ್ತಿತ್ತು. ಕರೆಂಟು ದಿನಕ್ಕೆ ಹಲವು ಸಲ ಹೋಗುತ್ತಿತ್ತು, ಹೋದರೆ ಪೆಟ್ಟಿಗೆ ಮತ್ತೆ ಏಳುತ್ತಿರಲಿಲ್ಲ. ಅಂಚನ್ನು ಮಗ್ಗದ ಎಳೆಗಳಿಗೆ ಹೊಂದಿಸುವ ಕೆಲಸ ಇನ್ನೂ ಉಳಿದಿತ್ತು. ಅದು ದಿನಗಟ್ಟಲೆ ಕೂತು ಮಾಡುವ ಕೆಲಸ, ಅವನಿಗೆ ಸಿಗುತ್ತಿದ್ದದ್ದು ಅಲ್ಲೊಂದು ಗಳಿಗೆ ಇಲ್ಲೊಂದು ಗಳಿಗೆ. ಉದ್ದ ಎಳೆಗಳ ಹಾಸು ಹೂಡಿದ ಮಗ್ಗ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಮಗಳು ಬಾಗಿಲಿನ ತನಕ ಬಂದು, ಅಪ್ಪನ ಮುಖ ನೋಡಿ, ಏನೂ ಕೇಳದೆ ಹೋಗುತ್ತಿದ್ದಳು. ಅವಳು ಕೇಳದೆ ಹೋಗುವುದೇ ಅವನಿಗೆ ಹೆಚ್ಚು ಸಂಕಟ ಕೊಡುತ್ತಿತ್ತು.

ಹೆಂಡತಿ ಬಲವಂತ ಮಾಡಿ ಪೆಟ್ಟಿಗೆಯನ್ನು ಪೇಟೆಯ ರಿಪೇರಿ ಅಂಗಡಿಗೆ ಹೊರಿಸಿದಳು. ಅಂಗಡಿಯವನು ಕುಂಕುಮಕ್ಕೆ ಕೈ ಕೆಂಪಾದೀತು ಎಂದು ಮೊದಲು ಒದ್ದೆ ಬಟ್ಟೆಯಿಂದ ಪೆಟ್ಟಿಗೆಯನ್ನೆಲ್ಲ ಚೆನ್ನಾಗಿ ಒರೆಸಿದ. ಆಮೇಲೆ ಬಿಚ್ಚಿ ಧೂಳು ಊದಿದ, ಒಳಗಿನ ಪಟ್ಟಿಗಳನ್ನು ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದ. ಬಟನ್ ಒತ್ತಿದ. ಒಂದೇ ಸಲಕ್ಕೆ ಎದ್ದಿತು. ಆರಿಸಿ ಒತ್ತಿದ, ಮತ್ತೆ ಎದ್ದಿತು. ಇದಕ್ಕೇನೂ ಆಗಿಲ್ಲ, ಆದರೂ ನಿಮ್ಮ ನಕ್ಷೆಯನ್ನು ಪೆನ್ ಡ್ರೈವಿಗೆ ಹಾಕಿಕೊಡಲೇ ಎಂದು ಕೇಳಿದ. ನೇಕಾರ ಬೇಡವೇ ಬೇಡ ಎಂದ. ಮನೆಯಿಂದ ಹೊರಬಿದ್ದ ಅಂಚು ವಾರದೊಳಗೆ ಓಣಿಯ ಮಗ್ಗಗಳ ಮೇಲೆಲ್ಲ ಕೂತದ್ದನ್ನು ಅವನು ಕಂಡಿದ್ದ. ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ಮನೆಗೆ ಬಂದ.

ಬಂದವನು ಮೊದಲು ಮಾಡಿದ್ದೇನು? ನೀನೇ ಊಹಿಸು. ಬದುಕಿ ಬಂದೆಯಲ್ಲ ತಂದೆ ಎಂದು ಅದರ ಹಣೆ ತುಂಬ ಗಂಧ ಬಳಿದ.

ಎರಡು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಕತೆ. ಈಗ ನೇಕಾರನ ಜೀವ ಬಾಯಿಗೆ ಬಂತು. ಅಂಗಡಿಯಲ್ಲಿ ಏಳುವುದು ಮನೆಯಲ್ಲಿ ಏಳುವುದಿಲ್ಲ ಎಂದರೆ ದೋಷ ಮನೆಯದೇ. ಪೆಟ್ಟಿಗೆಯ ಮುಖವನ್ನು ಪೂರ್ವಕ್ಕೆ ತಿರುಗಿಸಿದ. ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ನಿವಾಳಿಸಿದ. ಕೆಲಸದ ಕೋಣೆಗೆ ಯಾರೂ ಬರಕೂಡದು ಎಂದ. ಮಗಳನ್ನೂ ಬಿಡಲಿಲ್ಲ. ಪುಷ್ಯ ಮುಗಿಯುತ್ತ ಬಂತು. ಮದುವೆಯ ಲಗ್ನಪತ್ರಿಕೆ ಮನೆಮನೆಗೆ ಹೋಯಿತು, ಸೀರೆಗೆ ಒಂದು ಅಡ್ಡ ಎಳೆಯೂ ಬಿದ್ದಿರಲಿಲ್ಲ. ಅವನು ಪೂಜೆಯ ಹೊತ್ತು ಹೆಚ್ಚಿಸಿದ, ಒಂದು ಹೊತ್ತಿನ ಊಟ ಬಿಟ್ಟ.

ಅಷ್ಟರಲ್ಲಿ ನೇಕಾರನ ಅಣ್ಣನ ಸೊಸೆ ಹೆತ್ತಳು. ಇಡೀ ಮನೆತನಕ್ಕೆ ಪುರುಡು ಬಂತು. ಅದು ಕಳೆಯುವ ತನಕ ದೀಪ ಹಚ್ಚುವಂತಿಲ್ಲ, ಗಂಧ ತೇಯುವಂತಿಲ್ಲ. ಊರೆಲ್ಲ ಗಂಡುಕೂಸು ಎಂದು ಸಕ್ಕರೆ ಹಂಚಿದರೆ ಇವನೊಬ್ಬ ತಲೆ ಮೇಲೆ ಕೈ ಹೊತ್ತು ಕೂತ. ಪೂಜೆ ಮಾಡಿದರೇ ಕಷ್ಟದಲ್ಲಿ ಏಳುತ್ತಿದ್ದದ್ದು, ಪೂಜೆಯಿಲ್ಲದೆ ಎದ್ದೀತೇ? ಇನ್ನು ಮುಗಿಯಿತು ಎಂದುಕೊಂಡ. ಅವನು ಕೂಸು ನೋಡಲು ಹೋಗಿದ್ದಾಗ ಹೆಂಡತಿ ಕೆಲಸದ ಕೋಣೆಗೆ ಬಂದಳು. ಬಾಡಿದ ಹೂವಿಗೆ ಇರುವೆ ಮುತ್ತಿತ್ತು. ಹೇಗೂ ಪೂಜೆಯಿಲ್ಲ, ಸ್ವಚ್ಛವಾಗಿಯಾದರೂ ಇರಲಿ ಎಂದು ಎಲ್ಲ ತೆಗೆದು ಪೆಟ್ಟಿಗೆ ಒರೆಸಿದಳು. ಒರೆಸಿದರೂ ಹೋಗದ್ದನ್ನು ಸೆರಗಿನ ಪಿನ್ನಿನಿಂದ ಕೆರೆದು ತೆಗೆದಳು.

ಮಾರನೆಯ ಬೆಳಗ್ಗೆ ನೇಕಾರ ಬರಿಯ ಕೈಯಲ್ಲಿ ಬಂದು ನಿಂತ. ಕಣ್ಣು ಮುಚ್ಚಿ ಒತ್ತಿದ. ಫ್ಯಾನು ತಿರುಗಿತು. ಆರುತ್ತದೆ, ಈಗ ಆರುತ್ತದೆ ಎಂದು ಕಾದ. ಆರಲಿಲ್ಲ. ಕಣ್ಣು ಬಿಟ್ಟರೆ ಪರದೆ ಬೆಳಗಿ, ಅಜ್ಜನ ಅಂಚನ್ನು ತೋರಿಸಲು ಅಣಿಯಾಗಿತ್ತು. ಅವನು ಅಲ್ಲೇ ಕೂತು ಗಳಗಳ ಅತ್ತ. ಎಲ್ಲ ಕೂಸಿನ ಕಾಲ್ಗುಣ ಎಂದು ಹೆಂಡತಿಗೆ ಹೇಳಿದ. ಪುರುಡಿನ ದಿನಗಳಲ್ಲೆಲ್ಲ ಪೆಟ್ಟಿಗೆ ಮೊದಲ ಸಲಕ್ಕೇ ಏಳುತ್ತಿತ್ತು. ಅವನು ಕೂತಲ್ಲಿಂದ ಏಳದೆ ಅಂಚನ್ನು ಮಗ್ಗಕ್ಕೆ ಹೊಂದಿಸಿದ. ಸೆರಗಿನ ಭಾಗ ಮಾತ್ರ ಉಳಿಯಿತು.

ಪುರುಡು ಕಳೆಯಿತು. ನೇಕಾರ ನಸುಕಿನಲ್ಲೇ ತಲೆಗೆ ಎರೆದುಕೊಂಡ, ಗಂಧ ತೇಯ್ದ. ಇಷ್ಟು ದಿನದ ಬಾಕಿಯೆಲ್ಲ ತೀರಿಸುತ್ತೇನೆ ಎನ್ನುತ್ತ ಬಟ್ಟಲು ತುಂಬಿಸಿಕೊಂಡು ಬಂದ. ಬೆರಳು ಅದ್ದಿ ಬಟನ್ನಿನ ಹತ್ತಿರ ಒಯ್ದ. ಕಸ ಗುಡಿಸುತ್ತಿದ್ದ ಹೆಂಡತಿ ಆ ಬೆರಳನ್ನು ನೋಡಿದಳು. ಅವಳಿಗೂ ಅಲ್ಲಿಯ ತನಕ ಹೊಳೆದಿರಲಿಲ್ಲ. ಪೊರಕೆ ಬಿಟ್ಟು ಬಂದು ಅವನ ಮಣಿಕಟ್ಟು ಹಿಡಿದಳು.

"ನಿಲ್ರೀ," ಎಂದಳು. "ಅವತ್ತು ನಾನು ಪಿನ್ನಿನಿಂದ ಕೆರೆದು ತೆಗೆದದ್ದು ಈ ಗಂಧವನ್ನೇ. ಬಟನ್ ಒಳಗೆ ಹೋದದ್ದು ಹೊರಗೆ ಬರದಂತೆ ಗಟ್ಟಿಯಾಗಿ ಅಂಟಿತ್ತು. ಬಟನ್ ಒತ್ತಿಯೇ ಹಿಡಿದರೆ ಪೆಟ್ಟಿಗೆ ಆರಿಹೋಗುತ್ತದೆ ಎಂದು ನೀವೇ ಹೇಳಿದ್ದಿರಲ್ಲ. ನೀವು ಅದರ ಉಸಿರು ಕಟ್ಟಿಸಿ, ಉಸಿರಾಡುತ್ತಿಲ್ಲ ಎಂದು ಮತ್ತೆ ಅದನ್ನೇ ಮೆತ್ತುತ್ತಿದ್ದಿರಿ."

ಬಟನ್ ಒತ್ತಿ ತೋರಿಸಿದಳು. ಒಳಗೆ ಹೋಯಿತು, ಟಕ್ ಎಂದು ಹೊರಗೆ ಬಂತು. ನೇಕಾರ ಆ ಬಟನ್ ನೋಡಿದ, ಕೈಯಲ್ಲಿದ್ದ ಬಟ್ಟಲು ನೋಡಿದ. ಆಯುಧಪೂಜೆಯಿಂದ ಆ ತನಕ ಕಳೆದ ಬೆಳಗುಗಳೆಲ್ಲ ಅವನ ನೆನಪಿಗೆ ಬಂದವು. ಬಟ್ಟಲನ್ನು ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ಕೂತುಬಿಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮಾತು ಉದ್ದವಾಗಿ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ನಿರಂಜನನಿಗೆ ತಡೆಯಲಾಗಲಿಲ್ಲ.

"ಸೀರೆ ಮುಗಿಯಿತೇ ಗುರುಗಳೇ?"

"ಮುಗಿಯಿತು," ಎಂದರು ಗುರುಗಳು. "ಮದುವೆಯಾದ ಮೇಲೆ."

ಉಳಿದ ದಿನಗಳಲ್ಲಿ ನೇಕಾರ ಮಗ್ಗದಿಂದ ಇಳಿಯಲಿಲ್ಲವಂತೆ. ಆದರೆ ಕೈಯ ಕೆಲಸ ತನ್ನ ಹೊತ್ತನ್ನು ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಮುಹೂರ್ತದ ದಿನ ಅಜ್ಜನ ಅಂಚು ಮಗ್ಗದ ಮೇಲೆ ಒಂದು ಮೊಳ ಬಂದಿತ್ತು. ಹುಡುಗಿ ಅಂಗಡಿಯಲ್ಲಿ ಕೊಂಡ ಸೀರೆಯುಟ್ಟು ಧಾರೆಗೆ ನಿಂತಳು. ಓಣಿಯ ಹೆಂಗಸರು ಅವಳ ಅಂಚು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಅಪ್ಪನ ಮೇಲೆ ಸಿಟ್ಟಾಗಲಿಲ್ಲ. ಮುಗಿದಾಗ ಕಳಿಸು, ಸೀಮಂತಕ್ಕೆ ಉಡುತ್ತೇನೆ ಎಂದಳು. ಧಾರೆ ಎರೆಯುವಾಗ ಅಪ್ಪ ಆ ಸೀರೆಯ ಅಂಚನ್ನೇ ನೋಡುತ್ತ ನೀರನ್ನು ಹೊರಗೆ ಚೆಲ್ಲಿದ. ಅವನು ಜೀವವಿರುವ ತನಕ ಆ ದಿನವನ್ನು ಮರೆಯಲಿಲ್ಲ ಎಂದು ಗುರುಗಳು ಹೇಳಿದರು.

ಹೊರಗೆ ಬಿಸಿಲೇರಿತ್ತು. ಪಾದಪೂಜೆ ಇನ್ನೂ ಆಗಿಲ್ಲ ಎಂಬುದು ನಿರಂಜನನಿಗೆ ನೆನಪಾಯಿತು. ರೂಢಿಯ ಕೈ ತಾನಾಗಿ ಬಟ್ಟಲಿಗೆ ಹೋಯಿತು. ಒಣಗುತ್ತಿದ್ದ ಗಂಧಕ್ಕೆ ಎರಡು ಹನಿ ನೀರು ಬಿಟ್ಟು, ಕಲಸಿ, ಗುರುಗಳ ಪಾದದ ಕಡೆಗೆ ಬೆರಳು ಚಾಚಿದ.

ಗುರುಗಳು ಪಾದವನ್ನು ಹಿಂದಕ್ಕೆ ಎಳೆದುಕೊಂಡರು.

"ಇಷ್ಟು ವರ್ಷ ಗಂಧ ಹಚ್ಚಿ ಹಿಂದೆ ಸರಿದುಬಿಡುತ್ತಿದ್ದೆ, ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದು ಇವತ್ತೇ ಮೊದಲು."

ನಿರಂಜನ ಬೆರಳಿನ ಗಂಧ ಒರೆಸಿಕೊಂಡು, ಬಟ್ಟಲನ್ನು ದೂರ ಸರಿಸಿ, ಗುರುಗಳ ಹತ್ತಿರ ಕೂತ.