ಹೊಳೆಗೆ ಎದುರು ನಿಂತವನು

ಹೊಳೆಯ ದಡದಲ್ಲಿ ಒಂದು ಮಠವಿತ್ತು. ಮಠದ ಹಿಂದೆ ಬ್ಯಾಸ್ಕೆಟ್‌ಬಾಲ್ ಅಂಕಣವಿತ್ತು. ಅದು ಯಾಕೆ ಅಲ್ಲಿದೆ ಎಂದು ಭಕ್ತರು ಕೇಳುತ್ತಿರಲಿಲ್ಲ. ಬೇರೆ ಮಠಗಳಲ್ಲಿ ಆನೆ ಇರುತ್ತದೆ.

ಮಠದ ಸ್ವಾಮಿಗಳು ಕಾವಿ ಉಡುವ ಮೊದಲು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದರು. ಮನೆ ಬಿಟ್ಟರು, ಸಂಬಳ ಬಿಟ್ಟರು. ವಿಷಲ್ ಬಿಡಲಿಲ್ಲ.

ಶಿವನಂಜು ಆ ಅಂಕಣದಲ್ಲಿ ಅವರ ವಿಷಲ್ಲಿಗೆ ಓಡಿ ಬೆಳೆದವನು. ಈಗ ಆರಡಿ ಎಂಟಿಂಚು. ಕೊಲ್ಲಿ ದೇಶದ ಒಂದು ಕ್ಲಬ್ಬು ಸಂಬಳ ಕೊಟ್ಟು ಅವನನ್ನು ಆಡಿಸುತ್ತಿತ್ತು. ಅಲ್ಲಿನ ಸಿಟಿ ಬಸ್ಸುಗಳ ಮೇಲೆ ಅವನ ಚಿತ್ರವಿತ್ತು. ಬಸ್ಸು ಗಿಡ್ಡವಾದ್ದರಿಂದ ಮಂಡಿಯ ಕೆಳಗೆ ಕತ್ತರಿಸಿದ್ದರು.

ವರ್ಷಗಳಿಂದ ಭಾರತ ತಂಡದಲ್ಲೂ ಇದ್ದ. ಎರಡೂ ಕಡೆ ಅವನ ಕೆಲಸ ಒಂದೇ. ಚೆಂಡು ಕೈಗೆ ಬಂದರೆ ಬುಟ್ಟಿಯ ಬಳೆಯೊಳಗೆ ಹಾಕುವುದು. ಅದನ್ನು ಅವನು ಚೆನ್ನಾಗಿ ಮಾಡುತ್ತಿದ್ದ, ಮತ್ತು ಹಾಗೆಂದು ಅವನಿಗೆ ಗೊತ್ತಿತ್ತು.

ಒಂದು ಸಂಜೆ ಅವನು ಮಠಕ್ಕೆ ಬಂದ. ಬಾಗಿಲಲ್ಲಿ ಒಮ್ಮೆ ಬಗ್ಗಿದ, ಸ್ವಾಮಿಗಳ ಮುಂದೆ ಇನ್ನೊಮ್ಮೆ ಬಗ್ಗಿದ.

“ಬುದ್ಧಿ, ಭಾರತ ತಂಡ ಬಿಡ್ತಾ ಇದೀನಿ. ಆಶೀರ್ವಾದ ಮಾಡ್ಬೇಕು.”

“ಬಿಡೋಕೆ ಆಶೀರ್ವಾದ ಯಾಕಪ್ಪ? ನಾನು ಮನೆ ಬಿಟ್ಟಾಗ ಯಾರೂ ಮಾಡಲಿಲ್ಲ.”

“ಹೊಸ ಕೋಚ್ ಬಂದವ್ರೆ. ಬಾಲ್ ಹಾಕೋಕೆ ಒಬ್ಬ ಹುಡುಗ ಸಿಕ್ಕವ್ನಂತೆ, ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲ. ನಾನು ಅವನಿಗೋಸ್ಕರ ಅಡ್ಡ ನಿಲ್ಬೇಕಂತೆ. ನಾಳೆ ಸಂಜೆ ಒಳಗೆ ಹೂಂ ಇಲ್ಲ ಉಹೂಂ ಹೇಳ್ಬೇಕು. ಉಹೂಂ ಅಂದ್ರೆ ಮತ್ತೆ ಕರೆಯಲ್ಲ.”

“ಅಡ್ಡ ನಿಲ್ಲೋದು ಅಂದ್ರೆ?”

ಅದೇನೆಂದು ಸ್ವಾಮಿಗಳಿಗೆ ಚೆನ್ನಾಗಿ ಗೊತ್ತಿತ್ತು. ಗುರುಗಳು ಸಾಮಾನ್ಯವಾಗಿ ಗೊತ್ತಿರುವುದನ್ನೇ ಕೇಳುತ್ತಾರೆ.

“ಹುಡುಗ ಬಾಲ್ ತಗೊಂಡು ನುಗ್ತಾನೆ. ಅವನನ್ನ ತಡೆಯೋಕೆ ಒಬ್ಬ ಬೆನ್ನು ಹತ್ತಿರ್ತಾನಲ್ಲ, ಅವನ ದಾರೀಲಿ ನಾನು ಹೋಗಿ ಕಂಬದ ಥರ ನಿಲ್ಬೇಕು. ಅವನು ಬಂದು ನನಗೆ ಗುದ್ದುತ್ತಾನೆ. ಅಷ್ಟರಲ್ಲಿ ಹುಡುಗ ಪಾರು.”

“ನೀನು ಅಲ್ಲಾಡಿದ್ರೆ?”

“ಫೌಲು. ನನ್ನ ಮೇಲೆ.”

“ಕಷ್ಟದ ಕೆಲಸ.”

“ಕಷ್ಟ ಅಲ್ಲ ಬುದ್ಧಿ, ಅವಮಾನ. ಕಂಬಕ್ಕೆ ಯಾರಾದ್ರೂ ಚಪ್ಪಾಳೆ ತಟ್ತಾರಾ?”

“ನಾಳೆ ದಾಸೋಹ ಇದೆ,” ಎಂದರು ಸ್ವಾಮಿಗಳು. “ಊಟ ಮಾಡ್ಕೊಂಡು ಹೋಗು. ಆಶೀರ್ವಾದ ಎಲ್ಲೂ ಹೋಗಲ್ಲ.”

ದಾಸೋಹದ ದಿನ ಆಚೆ ದಡದ ಹಳ್ಳಿಯ ಹೆಂಗಸರು ತರಕಾರಿ ಹೊತ್ತು ಹೊಳೆ ಹಾಯ್ದು ಬಂದು, ಅಡುಗೆ ಮಾಡಿ, ಬಡಿಸಿ ಹೋಗುವುದು ವಾಡಿಕೆ. ಎಂದಿನಂತಾದರೆ ನೀರು ಮೊಣಕಾಲುದ್ದ. ಆ ಬೆಳಿಗ್ಗೆ ಮೇಲಿನ ಕಟ್ಟೆಯಿಂದ ನೀರು ಬಿಟ್ಟಿದ್ದರು. ನಡುವೆ ಒಂದೆರಡು ಮಾರು ಸೆಳೆತವಿತ್ತು. ಹೆಂಗಸರು ಆಚೆ ದಡದಲ್ಲೇ ನಿಂತುಬಿಟ್ಟರು.

“ಶಿವನಂಜು, ಅವರನ್ನ ದಾಟಿಸು.”

“ಇಷ್ಟೇನಾ ಬುದ್ಧಿ?”

ಅವನು ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಆಚೆ ಹೋಗಿ, ಮುಂದಿದ್ದ ಹೆಂಗಸಿನ ತಲೆಯ ಮೇಲಿನ ಕುಂಬಳಕಾಯಿ ಇಸಿದುಕೊಂಡು, ಕಂಕುಳಲ್ಲಿ ಒತ್ತಿ, ಉದ್ದನೆಯ ಹೆಜ್ಜೆ ಹಾಕಿ, ಸೆಳೆತವನ್ನು ಸೀಳಿಕೊಂಡು ಈಚೆ ಬಂದ. ಕಾಯನ್ನು ಗುರುಗಳ ಪಾದದ ಬಳಿ ಇಟ್ಟ. ಮಠದ ಹಾಸ್ಟೆಲಿನ ಹುಡುಗರು ಚಪ್ಪಾಳೆ ತಟ್ಟಿದರು.

ಸ್ವಾಮಿಗಳು ಕುಂಬಳಕಾಯಿಯನ್ನು ನೋಡಿದರು.

“ಇದು ಬಂತು. ಇದನ್ನ ಹೆಚ್ಚೋರು ಆಚೆಗಿದ್ದಾರೆ.”

“ಅವರನ್ನೂ ಎತ್ಕೊಂಡು ಬರ್ಲಾ?”

“ಎತ್ಕೊಂಡು ಬಂದ್ರೆ ಅವರ ಯಜಮಾನರು ನಾಳೆ ನನ್ನನ್ನ ನೋಡೋಕೆ ಬರ್ತಾರೆ.”

“ಮತ್ತೇನ್ ಮಾಡ್ಲಿ ಬುದ್ಧಿ?”

“ನಡುನೀರಿಗೆ ಹೋಗು. ಹೊಳೆ ಬರೋ ಕಡೆ ಮುಖ ಮಾಡಿ ನಿಲ್ಲು. ಅಲ್ಲಾಡಬೇಡ.”

ಅವನು ಹೋಗಿ ನಿಂತ. ಹೊಳೆ ಬಂದು ಅವನ ತೊಡೆಗೆ ಗುದ್ದಿ, ಎರಡಾಗಿ, ಪಕ್ಕದಲ್ಲಿ ಹರಿದು ಹೋಯಿತು. ಅವನ ಬೆನ್ನ ಹಿಂದೆ ಒಂದು ತುಂಡು ನೀರು ಬಟ್ಟಲೊಳಗಿನ ಹಾಲಿನ ಹಾಗೆ ಸುಮ್ಮನಾಯಿತು.

ಹೆಂಗಸರು ಇಳಿದರು. ಒಬ್ಬೊಬ್ಬರೇ ಅವನ ಬೆನ್ನಿಗೆ ಕೈ ಕೊಟ್ಟು ದಾಟತೊಡಗಿದರು. ಅವನಿಗೆ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು.

“ಇದೇನಕ್ಕ ಈ ಕಂಬ? ಹೋದ್ಸಲ ಇರ್ಲಿಲ್ಲ.”

“ಬುದ್ಧಿಯೋರು ಹೊಸದಾಗಿ ನೆಡ್ಸವ್ರೆ ಕಣೆ.”

“ಇನ್ನೊಂಚೂರು ಆಚೆಗೆ ನೆಡ್ಸಿದ್ರೆ ಸೊಪ್ಪು ನೆನೀತಿರ್ಲಿಲ್ಲ.”

ಶಿವನಂಜು ಬಸ್ಸಿನ ಮೇಲಿದ್ದ ತನ್ನ ಚಿತ್ರವನ್ನು ನೆನೆದ. ಅಷ್ಟರಲ್ಲಿ ಎಡಗಾಲ ಕೆಳಗಿನ ಕಲ್ಲು ಜಾರಿತು. ಅವನು ಅರ್ಧ ಗೇಣು ವಾಲಿದ. ಹಿಂದೆ ಸುಮ್ಮನಿದ್ದ ನೀರು ತಟ್ಟನೆ ನುಗ್ಗಿತು. ಯಾರೋ “ಅವ್ವಾ” ಅಂದರು. ಒಂದು ಮುದಿ ಕೈ ಅವನ ಅಂಗಿಯನ್ನು ಬೆನ್ನ ಮೇಲೆ ಮುಷ್ಟಿ ಕಟ್ಟಿ ಹಿಡಿಯಿತು.

ಅವನು ಕಾಲನ್ನು ಮರಳಿಗೆ ಒತ್ತಿ ನೆಟ್ಟ. ಬಸ್ಸು ಎಲ್ಲೋ ಹೋಯಿತು. ಮುಷ್ಟಿ ಮೆಲ್ಲಗೆ ಸಡಿಲಾಗಿ ದಾಟಿಕೊಂಡಿತು. ಆಮೇಲೆ ಅವನು ಅಲ್ಲಾಡಲಿಲ್ಲ.

ಮಧ್ಯಾಹ್ನ ಕುಂಬಳಕಾಯಿ ಹುಳಿಯಾಗಿ ಎಲೆಗೆ ಬಂತು. ಬಡಿಸಿದವರು ಅವನ ಕಡೆ ವಿಶೇಷವಾಗಿ ನೋಡಲಿಲ್ಲ. ಅನ್ನ ಬೇಕಾ ಎಂದು ಕೇಳಿದರು, ಬೇಕೆಂದ, ಹಾಕಿದರು.

ಊಟ ಮುಗಿಸಿ ಜಗಲಿಗೆ ಹೋಗಿ ಕೋಚಿಗೆ ಫೋನ್ ಮಾಡಿದ.

“ಬರ್ತೀನಿ ಸರ್. ಆ ಹುಡುಗನಿಗೆ ಹೇಳಿ, ಹಿಂದೆ ತಿರುಗಿ ನೋಡದೆ ಓಡ್ಲಿ.”

ಆಮೇಲೆ ಒಳಗೆ ಬಂದು ಸ್ವಾಮಿಗಳ ಮುಂದೆ ಕೂತ. ಎದೆ ಬೆಳಿಗ್ಗೆಗಿಂತ ಎರಡಿಂಚು ಅಗಲವಾಗಿತ್ತು.

“ಒಪ್ಕೊಂಡೆ ಬುದ್ಧಿ.”

“ಸಂತೋಷ.”

“ಸುಮ್ಮನೆ ಒಪ್ಕೊಂಡಿಲ್ಲ. ನನ್ನಂಗೆ ಅಡ್ಡ ನಿಲ್ಲೋನು ಈ ದೇಶದಲ್ಲೇ ಇನ್ನೊಬ್ಬ ಇರಕೂಡದು, ಹಂಗೆ ನಿಲ್ತೀನಿ. ಬೆಳಗ್ಗೆ ನೀವೇ ನೋಡಿದ್ರಲ್ಲ. ಹದಿನೇಳು ಜನ ದಾಟಿದ್ರು. ಬೆನ್ನು ಮುಟ್ಟಿದ ಒಂದೊಂದು ಕೈನೂ ಎಣಿಸಿದೀನಿ.”

ಸ್ವಾಮಿಗಳು ಕಿಟಕಿಯ ಹೊರಗೆ ನೋಡಿದರು. ಹೆಂಗಸರು ಖಾಲಿ ಮಂಕರಿಗಳನ್ನು ಹಿಡಿದು ದಡದಲ್ಲಿ ಸೇರುತ್ತಿದ್ದರು. ಹೊಳೆ ಇಳಿದಿರಲಿಲ್ಲ.

“ಅವರು ಮನೆಗೆ ಹೋಗ್ಬೇಕು. ಹೋಗಿ ನಿಲ್ಲು. ಈ ಸಲ ಎಣಿಸಬೇಡ.”