ಎಬ್ಬಿಸಿ ನಡೆಸಿದ ಲೆನ್ಸು

ಫೋಟೋಗ್ರಾಫರ್ ಶಶಿರೇಖಾಳ ಬಳಿ ಒಂದೇ ಲೆನ್ಸಿಗಾಗುವಷ್ಟು ಹಣವಿತ್ತು. ಅಂಗಡಿಯವರು ಜೂಮ್, ಪ್ರೈಮ್ ಎಂಬ ಎರಡು ಲೆನ್ಸುಗಳನ್ನು ಕೊಟ್ಟು, ಒಂದು ಮದುವೆಯಲ್ಲಿ ಬಳಸಿ ನೋಡಿ ಒಂದನ್ನು ಆರಿಸಿಕೊಳ್ಳಲು ಹೇಳಿದರು.

“ಮೂಲೆಯಲ್ಲಿರುವ ಆ ಅಜ್ಜಿಯನ್ನು ನೋಡು,” ಎಂದಿತು ಜೂಮ್ ಲೆನ್ಸು. “ನಮ್ಮ ಒಡತಿ ಕುರ್ಚಿ ಬಿಟ್ಟು ಏಳಬೇಕಿಲ್ಲ; ಆ ಮುಖವನ್ನು ನಾನೇ ಹತ್ತಿರ ತರುತ್ತೇನೆ. ನಿನ್ನಿಂದಾದೀತೇ?”

“ಆಗದು,” ಎಂದಿತು ಪ್ರೈಮ್ ಲೆನ್ಸು. “ನನಗೆ ಹಿಗ್ಗಲು, ಕುಗ್ಗಲು ಬಾರದು. ನನ್ನನ್ನು ಹಾಕಿಕೊಂಡವರು ಎದ್ದು ನಡೆಯಲೇಬೇಕು.”

ಜೂಮ್ ಮುಖವನ್ನು ಹತ್ತಿರ ತಂದಿತು. ಅಜ್ಜಿ ಆಕಳಿಸುತ್ತಿದ್ದಳು. ಶಶಿರೇಖಾ ಪ್ರೈಮ್ ಹಾಕಿಕೊಂಡು ಎದ್ದುಹೋಗಿ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಳು.

“ಊಟ ಆಯ್ತೇನವ್ವಾ ನಿಂದು?” ಎಂದು ಅಜ್ಜಿ ಮುಖವರಳಿಸಿ ನಕ್ಕಳು. ಕ್ಯಾಮೆರಾ ಆ ನಗುವನ್ನು ಹಿಡಿಯಿತು.

ಚೀಲಕ್ಕೆ ಮರಳಿದ ಪ್ರೈಮ್ ಹೆಮ್ಮೆಯಿಂದ ಜೂಮನ್ನು ಕೇಳಿತು: “ಅಷ್ಟು ದೂರ ಕುರ್ಚಿಯಲ್ಲೇ ಕೂತ ಒಡತಿಯನ್ನು ಊಟ ಆಯ್ತಾ ಎಂದು ಯಾರು ಕೇಳುತ್ತಾರೆ?”