ಮಡಿಲಲ್ಲಿ ಹೊಲಿದ ಕೌದಿ

“ಅಜ್ಜಾರ, ಈ ಕಂಪ್ಯೂಟರ್ ಯಾರಿಗರೆ ಕೊಟ್ಟಬಿಡೂಣೇನ್ರಿ? ಕೆಲಸ ಎಲ್ಲಾ ಫೋನಿನಾಗ ಆಗತೈತಿ” ಎಂದು ಅಡಿವೆಯ್ಯ ಗುರುಗಳನ್ನು ಕೇಳಿದ.

ಗುರುಗಳ ನಲವತ್ತು ವರ್ಷಗಳ ಪ್ರವಚನಗಳನ್ನು ಪುಸ್ತಕ ಮಾಡುವ ಹೊಣೆ ಈ ಶಿಷ್ಯನದು. ಬಸ್ಸಿನಲ್ಲಿ ನಿಂತಾಗ, ಊಟದ ಪಂಕ್ತಿಗೆ ಕಾಯುವಾಗ, ಅಷ್ಟೇಕೆ, ಹಲ್ಲುಜ್ಜುವಾಗಲೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮುನ್ನೂರು ಪುಟ ತುಂಬಿಸಿದ್ದ. ಕಂಪ್ಯೂಟರಾದರೆ ಮೇಜಿನ ಮುಂದೆ ಕೂರಬೇಕು. ಅದಕ್ಕೆ ಬಟ್ಟೆ ಹೊದಿಸಿ ವರ್ಷವಾಗಿತ್ತು. ಪುಸ್ತಕ ಮುಂದಿನ ವಾರ ಅಚ್ಚಿಗೆ ಹೋಗಬೇಕಿತ್ತು. ಆ ಪುಟಗಳನ್ನು ಗುರುಗಳು ಓದಿ ಮುಗಿಸಿದ್ದರು. ಒಂದೇ ಮಾತು ನಾಲ್ಕು ಕಡೆ ಬಂದಿತ್ತು. ಒಂದು ಪ್ರವಚನದ ತಲೆ ಇನ್ನೊಂದರ ಬಾಲಕ್ಕೆ ಅಂಟಿತ್ತು. ಅದನ್ನರಿಯದ ಅಡಿವೆಯ್ಯ, ಗುರುಗಳು ಭೇಷ್ ಅನ್ನುತ್ತಾರೆಂದು ಕಾದು ನಿಂತ. ಅವನನ್ನು ಕಂಡರೆ ಅವರಿಗೆ ಬಲು ಅಕ್ಕರೆ. ನಕ್ಕು, ಕೂತುಕೋ ಎಂದು ಕತೆ ಹೇಳಿದರು.

ಒಬ್ಬ ತಾಯಿ. ಅವಳ ಮಗಳು ಚೊಚ್ಚಲ ಬಸುರಿ. ಹುಟ್ಟುವ ಕೂಸಿಗೆ ತನ್ನ ಕೈಯಿಂದಲೇ ಕೌದಿ ಹೊಲಿಯಬೇಕೆಂದು ತಾಯಿ ಹಳೆಯ ಸೀರೆಗಳನ್ನೆಲ್ಲ ಕೂಡಿಸಿದಳು. ಕೌದಿ ಹೊಲಿಯುವವರು ಬಟ್ಟೆಯ ಪದರಗಳನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಅದಕ್ಕೆ ಖಾಲಿ ನೆಲ ಬೇಕು, ಕಾಲು ಮಡಿಚಿ ಕೂರುವ ಹೊತ್ತು ಬೇಕು. ಆಕೆ ಅಷ್ಟಕ್ಕೆ ಕಾಯಲಿಲ್ಲ. ಪದರಗಳನ್ನು ಸುತ್ತಿ ಚೀಲಕ್ಕೆ ತುಂಬಿಕೊಂಡಳು. ಹೋದಲ್ಲೆಲ್ಲ ಮಡಿಲಿಗೆ ಎಳೆದುಕೊಂಡು ಹೊಲಿದಳು. ಗಿರಣಿಯ ಮುಂದೆ ಒಂದು ಗೇಣು, ಸಂತೆಯ ಗಾಡಿಯಲ್ಲಿ ಒಂದು ಗೇಣು. ಏಳು ತಿಂಗಳಲ್ಲಿ ಕೌದಿ ಮುಗಿಯಿತು. ನೋಡಿದವರೆಲ್ಲ ಹೊಲಿಗೆಯನ್ನು ಹೊಗಳಿದರು.

ಕೂಸು ಹುಟ್ಟಿತು. ಕೌದಿ ಹಾಸಿ ಮಲಗಿಸಿದರೆ ಚೀರಿತು. ಎತ್ತಿಕೊಂಡರೆ ಸುಮ್ಮನಾಯಿತು, ಮಲಗಿಸಿದರೆ ಮತ್ತೆ ಚೀರಿತು. ನೆರೆಮನೆಯ ಮುದುಕಿ ಬಂದು ಕೌದಿಯ ಮೇಲೆ ಅಂಗೈ ಆಡಿಸಿದಳು. ಒಳಗಿನ ಪದರ ಅಲ್ಲಲ್ಲಿ ಮುದುಡಿ ಗಂಟುಗಂಟಾಗಿತ್ತು.

“ಯವ್ವಾ, ಹೊಲಿಗಿ ಮುತ್ತಿನಂಗ ಐತಿ. ಒಮ್ಮೆರೆ ಪೂರ್ತಿ ಹಾಸಿ ನೋಡಿದ್ದೇನು?”

“ಇಲ್ಲ ಆಯಿ. ಮಡಿಲಾಗ ಕಂಡಷ್ಟ ನೋಡಿದೆ, ಕಂಡಷ್ಟ ಹೊಲಿದೆ.”

ತಾಯಿಗೆ ಅಳು ತಡೆಯಲಾಗಲಿಲ್ಲ. ಮೊಮ್ಮಗುವಿಗೆಂದು ಆಸೆಪಟ್ಟು ಹಾಕಿದ ಹೊಲಿಗೆಯನ್ನು ಅಳುತ್ತಲೇ ಬಿಚ್ಚಿದಳು. ಮನೆಯ ಸಾಮಾನನ್ನು ಮುದುಕಿ ಹೊರಗೆ ಇಡಿಸಿ ನೆಲ ಖಾಲಿ ಮಾಡಿಸಿದಳು. ಇಬ್ಬರೂ ಎದುರುಬದುರು ಕೂತು ನಾಲ್ಕು ದಿನ ಹೊಲಿದರು. ಐದನೆಯ ದಿನ ಕೂಸು ಆ ಕೌದಿಯ ಮೇಲೆ ಕಣ್ತುಂಬ ನಿದ್ದೆ ಮಾಡಿತು.

ಕತೆ ಮುಗಿಯಿತು. ಅಡಿವೆಯ್ಯನಿಗೆ ಆ ತಾಯಿಯ ಮೇಲೆ ಮರುಕ ಹುಟ್ಟಿತು. ಅವಳ ಪರವಾಗಿ ಒಂದು ಮಾತಾಡದೆ ಇರಲಾಗಲಿಲ್ಲ.

“ಏನರೆ ಅನ್ರಿ ಅಜ್ಜಾರ, ಮಡಿಲಾಗ ಹೊಲಿಯೂದು ಭಾಳ ಅನುಕೂಲ ಇತ್ತಲ್ರಿ?”

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

“ಹೊಲಿಯಾಕಿಗೆ ಅನುಕೂಲ ಇತ್ತು ಖರೆ; ಆದರ ಅದರ ಮ್ಯಾಲ ಮಲಗಬೇಕಾದದ್ದು ಕೂಸು ಅಲ್ಲೇನೋ, ಅಡಿವೆಯ್ಯಾ?”